ಲೇತಿನ ಹಿಡಿಕೆಯ ಗೆರೆಗಳು



ಪಂಪಿನ ಶಾಫ್ಟು ಸವೆದರೆ, ಟ್ರ್ಯಾಕ್ಟರಿನ ಪಿನ್ನು ಮುರಿದರೆ, ಹಿಟ್ಟಿನ ಗಿರಣಿಯ ಬೇರಿಂಗು ಸಡಿಲಾಗಿ ಗರಗರ ಎಂದರೆ, ನಾರಾಯಣಪೇಟೆಯವರಾಗಲಿ ಮಕ್ತಲದವರಾಗಲಿ ಗದ್ವಾಲದವರಾಗಲಿ ಹೋಗುವುದು ಲೇತ್ ಅಂಗಡಿಗೇ. ಅಲ್ಲಿ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತ, ಕಬ್ಬಿಣದಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಬೀಳುವುದನ್ನು ನೋಡುತ್ತೇವೆ. ತಿರುಗುವ ಚಕ್ಕು ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಕಾರೀಗರ ನೋಡುತ್ತಿರುವುದು ಅದನ್ನಲ್ಲ. ಅವನ ಎಡಗಣ್ಣು ಕೆಲಸದ ಮೇಲಿದ್ದರೆ ಬಲಗಣ್ಣು ಹಿಡಿಕೆಯ ಬುಡದಲ್ಲಿರುವ ಒಂದು ಸಣ್ಣ ಬಳೆಯ ಮೇಲಿರುತ್ತದೆ. ಆ ಬಳೆಯ ಸುತ್ತ ಕೂದಲಿನಂಥ ಗೆರೆಗಳು, ನಡುನಡುವೆ ಅಂಕಿಗಳು. ಅಂಗಡಿಗಳಲ್ಲಿ ಅದನ್ನು ಡಯಲು ಎನ್ನುತ್ತಾರೆ. ಇವತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ಗೆರೆಗಳ ಚರಿತ್ರೆಯನ್ನು.

ಬ್ಯಾಂಕಿನ ಗುಮಾಸ್ತನಿಗೂ ಲೇತಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಲೆಡ್ಜರಿನ ಗೆರೆಗಳ ನಡುವೆ ಅಂಕಿ ಕೂರಿಸುತ್ತ ಆಯುಷ್ಯ ಕಳೆದವನಿಗೆ ಗೆರೆಯ ಬೆಲೆ ಗೊತ್ತಿರುತ್ತದೆ, ಅಷ್ಟೇ ಸಂಬಂಧ.

ಮೊದಲು ಡಯಲಿನ ಕೆಲಸವೇನೆಂದು ಹೇಳಿಬಿಡುತ್ತೇನೆ. ಹಿಡಿಕೆಯ ಹಿಂದೆ ಒಂದು ಉದ್ದನೆಯ ತಿರುಪು ಇದೆ. ಹಿಡಿಕೆ ಒಂದು ಸುತ್ತು ತಿರುಗಿದರೆ ತಿರುಪು ಒಂದು ಸುತ್ತು ತಿರುಗಿ, ಹತಾರವನ್ನು ಕೆಲಸದ ಕಡೆಗೆ ಇಷ್ಟು ಎಂದು ದೂಡುತ್ತದೆ. ತಿರುಪಿಗೆ ಒಂದು ಇಂಚಿನಲ್ಲಿ 10 ಸುತ್ತು ಇದ್ದರೆ, ಹಿಡಿಕೆಯ ಒಂದು ಸುತ್ತಿಗೆ ಹತಾರ ಇಂಚಿನ ಹತ್ತನೆಯ ಒಂದು ಭಾಗ ಮುಂದೆ ಹೋಗುತ್ತದೆ. ಬಳೆಯ ಮೇಲೆ 100 ಗೆರೆ ಕೊರೆದರೆ ಒಂದೊಂದು ಗೆರೆಗೆ ಇಂಚಿನ ಸಾವಿರದ ಒಂದು ಭಾಗ. ಅದಕ್ಕೆ ಥೌ ಎನ್ನುತ್ತಾರೆ. ನಮ್ಮ ಹಳೆಯ ಕಾರೀಗರರು ಇಂಚಿನ ಎಂಟನೆಯ ಒಂದು ಭಾಗಕ್ಕೆ ಸೂತು ಎನ್ನುವುದನ್ನು ನೀವು ಕೇಳಿರಬಹುದು. ಹಿಂದಿಯಲ್ಲಿ ಸೂತ ಎಂದರೆ ನೂಲು. ಆ ಒಂದು ನೂಲನ್ನು 125 ಸೀಳು ಮಾಡಿದರೆ ಒಂದು ಥೌ. ನೇಕಾರರ ಊರಾದ ನಾರಾಯಣಪೇಟೆಯಲ್ಲಿ ಕುಳಿತು ಕೇಳುವವರಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ ಎಂದುಕೊಂಡಿದ್ದೇನೆ. ಫಣಿಯ ಸಂದುಗಳನ್ನು ಎಣಿಸುವ ಕಣ್ಣೂ ಇದೇ ಜಾತಿಯದು.

ಈಗ ತೊಂದರೆಯ ಮಾತು. ಮಕ್ತಲದ ಕಡೆಯ ಒಂದು ಅಂಗಡಿಯಲ್ಲಿ ನನಗೆ ಬಹಳ ವರ್ಷಗಳಿಂದ ಪರಿಚಯವಿರುವ ಉಸ್ತಾದರೊಬ್ಬರಿದ್ದಾರೆ. ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಲೇತು ಇಂಚಿನ ಕಾಲದ್ದು, ಡಯಲಿನ ಅಡ್ಡಗಲ 30 ಮಿಲಿಮೀಟರ್. ಅದರ ಸುತ್ತಳತೆ 94 ಮಿಲಿಮೀಟರ್ ಆಯಿತು. ಅದರಲ್ಲಿ 100 ಗೆರೆ. ಅಂದರೆ ಗೆರೆಯಿಂದ ಗೆರೆಗೆ ಒಂದು ಮಿಲಿಮೀಟರೂ ಇಲ್ಲ. ಮೇಲೆ ವರ್ಷಗಟ್ಟಲೆ ಎಣ್ಣೆ, ಕೈಬೆವರು, ಎಮರಿ ಪುಡಿ ಕೂತು ಅಂಕಿಗಳು ಅರ್ಧಂಬರ್ಧ ಅಳಿಸಿಹೋಗಿದ್ದವು. 3 ಮತ್ತು 8 ಒಂದೇ ಥರ ಕಾಣುತ್ತಿದ್ದವು.

"ಗೆರಿ ಕಾಣವಲ್ವು ಸಾಹೇಬ್ರ," ಅಂದರು ಒಂದು ದಿನ. "ಚಾಳೀಸು ಹಾಕ್ಕೊಂಡ್ರ ಡಯಲು ಕಾಣ್ತದ, ಹತಾರ ಕಾಣಂಗಿಲ್ಲ. ತೆಗೆದ್ರ ಹತಾರ ಕಾಣ್ತದ, ಡಯಲು ಕಾಣಂಗಿಲ್ಲ."

ಮಾತು ನಗೆಯದ್ದಾದರೂ ಸಂಗತಿ ನಗೆಯದ್ದಾಗಿರಲಿಲ್ಲ. ಆ ಹಂಗಾಮಿನಲ್ಲಿ ಒಬ್ಬ ರೈತನ ಪಂಪಿನ ಶಾಫ್ಟು ಕೆಟ್ಟಿತ್ತು. 30 ಮಿಲಿಮೀಟರಿನ ಬೇರಿಂಗು ಕೂರಬೇಕಾದ ಜಾಗದಲ್ಲಿ ಎರಡು ಗೆರೆ ಹೆಚ್ಚು ತಿರುಗಿತ್ತು. ಎರಡು ಗೆರೆ ಎಂದರೆ ಅಡ್ಡಗಲದಲ್ಲಿ ನಾಲ್ಕು ಥೌ, ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಬೇರಿಂಗು ಸಡಿಲಾಗಿ ಶಾಫ್ಟಿನ ಮೇಲೇ ಸುತ್ತತೊಡಗಿತು. ಭತ್ತದ ಮಡಿಗೆ ಎರಡು ದಿನ ನೀರಿಲ್ಲ. ಉಸ್ತಾದರು ಹೊಸ ಸರಳು ತಂದು ಕೂಲಿ ಇಲ್ಲದೆ ಮಾಡಿಕೊಟ್ಟರು. ಆದರೆ ಹಾಗೆ ಎಷ್ಟು ದಿನ ನಡೆದೀತು? ಗುಜರಿಯವನು ಲೇತನ್ನು ಕಿಲೋ ಲೆಕ್ಕದಲ್ಲಿ ಕೇಳಿ ಹೋಗಿದ್ದ. ಕೆಲಸ ಕಲಿಯುವ ಹುಡುಗನಿಗೆ ಕಣ್ಣು ಚೆನ್ನಾಗಿದೆ, ಆದರೆ ಅವನಿಗೆ ಇಂಚು ಗೊತ್ತಿಲ್ಲ. "ಎನ್ನಿ ಗೀತಲು ತಾತಾ?" ಎಂದು ಪ್ರತಿಸಲ ಕೇಳುತ್ತಾನೆ. ಎಷ್ಟು ಗೆರೆ ಎಂದು ಹೇಳಲು ಉಸ್ತಾದರು ಮಿಲಿಮೀಟರನ್ನು 25.4ರಿಂದ ಭಾಗಿಸಿ, ಮತ್ತೆ ಎರಡರಿಂದ ಭಾಗಿಸಿ, ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯಬೇಕು.

ದೊಡ್ಡ ಡಯಲು ಮಾಡಿ ಕೂರಿಸಿದರೆ ಹೇಗೆ ಎಂಬ ಮಾತು ಬಂದದ್ದು ಆಗ. ಇದೇನೂ ಹೊಸ ಯೋಚನೆಯಲ್ಲ. ಇಂಗ್ಲೆಂಡಿನಲ್ಲಿ ಮನೆಯ ಹಿಂದಿನ ಕೊಠಡಿಯಲ್ಲಿ ಸಣ್ಣ ಲೇತು ಇಟ್ಟುಕೊಂಡು ಹವ್ಯಾಸಕ್ಕಾಗಿ ಪುಟ್ಟ ರೈಲು ಎಂಜಿನ್ನು ಮಾಡುವವರ ದೊಡ್ಡ ಬಳಗವೇ ಇದೆ. ಅವರಿಗಾಗಿ 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆ 1898ರಲ್ಲೇ ಶುರುವಾಯಿತು. ಸಣ್ಣ ಡಯಲು ತೆಗೆದು ದೊಡ್ಡದನ್ನು ಹಾಕಿಕೊಳ್ಳುವುದು ಆ ಜನರಿಗೆ ಬಹು ಪ್ರಿಯವಾದ ಕೆಲಸ. ಆದರೆ ಓದಲು ಅನುಕೂಲವಾಗಲೆಂದು ಗೆರೆಯ ವೃತ್ತವನ್ನೇ ದೊಡ್ಡದು ಮಾಡುವ ಬುದ್ಧಿ ಲೇತಿಗಿಂತ ಬಹಳ ಹಳೆಯದು, ಮತ್ತು ಅದರ ಒಂದು ದೊಡ್ಡ ಅಧ್ಯಾಯ ನಮ್ಮ ನೆಲದ ಮೇಲೇ ನಡೆದಿದೆ.

ಸಮರಖಂದದ ಉಲುಘ್ ಬೇಗ್ 1420ರ ದಶಕದಲ್ಲಿ ಕಟ್ಟಿಸಿದ ವೀಕ್ಷಣಾಲಯದಲ್ಲಿ ಸೂರ್ಯನ ಎತ್ತರ ಅಳೆಯುವ ಕಲ್ಲಿನ ಕಮಾನಿನ ತ್ರಿಜ್ಯ ಸುಮಾರು 40 ಮೀಟರ್. ಅದನ್ನು ಕಣ್ಣಮುಂದಿಟ್ಟುಕೊಂಡು ಜಯಪುರದ ಮಹಾರಾಜ ಸವಾಯಿ ಜಯಸಿಂಹನು 1724ರ ಸುಮಾರಿಗೆ ದಿಲ್ಲಿಯಲ್ಲಿ, ಆಮೇಲೆ ಜಯಪುರದಲ್ಲಿ ಜಂತರ್ ಮಂತರ್ ಕಟ್ಟಿಸಿದ. ಹಿತ್ತಾಳೆಯ ಉಪಕರಣಗಳು ಸಣ್ಣವು, ಅವುಗಳ ಅಚ್ಚು ಸವೆಯುತ್ತದೆ, ನಡುಬಿಂದು ಜರುಗುತ್ತದೆ ಎಂಬುದು ಅವನ ದೂರು. ಯಾವ ಲೇತಿನವನನ್ನು ಕೇಳಿದರೂ ಇದೇ ದೂರು ಇವತ್ತಿಗೂ ಸಿಗುತ್ತದೆ. ಅದಕ್ಕೆ ಅವನು ಹಿತ್ತಾಳೆ ಬಿಟ್ಟು ಕಲ್ಲು-ಗಾರೆ ಹಿಡಿದ. ಜಯಪುರದ ಸಮ್ರಾಟ್ ಯಂತ್ರದ ಎತ್ತರ ಸುಮಾರು 27 ಮೀಟರ್. ಅಷ್ಟು ದೊಡ್ಡದಾದ್ದರಿಂದಲೇ ಅದರ ನೆರಳು ಗೆರೆಗಳ ಮೇಲೆ ಜರುಗುವುದು ಬರಿಗಣ್ಣಿಗೆ ಕಾಣುತ್ತದೆ. ಎರಡು ಸೆಕೆಂಡಿನವರೆಗೆ ಹೊತ್ತು ಓದಬಹುದು.

ಕಲ್ಲಿನ ಯಂತ್ರವನ್ನು ಹೊತ್ತುಕೊಂಡು ತಿರುಗುವುದಾಗದು. ಊರೂರು ತಿರುಗಿ ಅಳೆಯುವವನಿಗೆ ಹಿತ್ತಾಳೆಯೇ ಬೇಕು. ಇಲ್ಲಿ ನಮ್ಮ ಸೀಮೆಗೆ ಬರುತ್ತೇನೆ.

ಟೀಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಬಿದ್ದ ಮಾರನೆಯ ವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ದಂಡಿನ ಅಧಿಕಾರಿ ಬೆಂಗಳೂರಿನ ಬಳಿ ಒಂದು ನೇರ ಗೆರೆಯನ್ನು ಸರಪಳಿಯಿಂದ ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಹತ್ತಿರ ಮತ್ತೊಂದನ್ನು ಅಳೆದು, ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಹೊರಟ. ಒಂದು ಬಾಹುವನ್ನು ಸರಪಳಿಯಿಂದ ಅಳೆದರೆ ಸಾಕು, ಉಳಿದದ್ದೆಲ್ಲ ಕೋನ ಅಳೆದು ಲೆಕ್ಕ ಹಾಕುವುದು. ಕೋನ ಅಳೆಯುವ ಯಂತ್ರಕ್ಕೆ ಥಿಯೋಡೊಲೈಟ್ ಎನ್ನುತ್ತಾರೆ. ಅವನದನ್ನು ಲಂಡನ್ನಿನ ವಿಲಿಯಂ ಕ್ಯಾರಿ ಮಾಡಿದ್ದ. ತೂಕ ಸುಮಾರು ಅರ್ಧ ಟನ್ನು. ಅದರ ಮೈಗೆ ಮಲಗಿಸಿದ್ದ ಗೆರೆಯ ಚಕ್ರದ ಅಡ್ಡಗಲ 36 ಇಂಚು, ನಮ್ಮ ಎತ್ತಿನ ಬಂಡಿಯ ಗಾಲಿಗಿಂತ ಸ್ವಲ್ಪ ಸಣ್ಣದು. ಬರುವ ದಾರಿಯಲ್ಲಿ ಹಡಗು ಫ್ರೆಂಚರ ಕೈಗೆ ಸಿಕ್ಕಿ ಯಂತ್ರ ಮಾರಿಷಸ್ಸಿಗೆ ಹೋಯಿತು. ಅಲ್ಲಿನ ಗವರ್ನರನು ಅದೇನೆಂದು ತಿಳಿದ ಮೇಲೆ ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟ. ಯುದ್ಧದ ನಡುವೆಯೂ ಇಂಥದೊಂದು ನಡೆದದ್ದುಂಟು.

ಅಷ್ಟು ದೊಡ್ಡ ಚಕ್ರ ಯಾಕೆ? ಲೆಕ್ಕ ನೋಡಿ. 6 ಇಂಚಿನ ಚಕ್ರದಲ್ಲಿ ಒಂದು ಡಿಗ್ರಿಗೆ ಸಿಗುವ ಜಾಗ ಸುಮಾರು 1.3 ಮಿಲಿಮೀಟರ್. 36 ಇಂಚಿನದರಲ್ಲಿ 8 ಮಿಲಿಮೀಟರ್. ಆ 8 ಮಿಲಿಮೀಟರನ್ನು ಗೆರೆಗಳಾಗಿ ಸೀಳಿ, ಮೇಲೆ ಸೂಕ್ಷ್ಮದರ್ಶಕ ಇಟ್ಟು ಓದುತ್ತಿದ್ದರು. ಒಂದು ಡಿಗ್ರಿಯಲ್ಲಿ 60 ಮಿನಿಟು. ಒಂದೇ ಒಂದು ಮಿನಿಟು ತಪ್ಪಿದರೂ 30 ಮೈಲಿ ದೂರದ ಗುಡ್ಡದ ತುದಿಯಲ್ಲಿ ಸುಮಾರು 46 ಅಡಿ ಆಚೀಚೆಯಾಗುತ್ತದೆ. ಒಂದು ತ್ರಿಕೋನದ ತಪ್ಪು ಮುಂದಿನದಕ್ಕೆ ದಾಟುತ್ತದೆ. ಬ್ಯಾಂಕಿನಲ್ಲಿ ಹಿಂದಿನ ಪುಟದ ತಪ್ಪು ಮೊತ್ತ ಮುಂದಿನ ಪುಟಕ್ಕೆ ಹೋದ ಹಾಗೆ.

1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರದ ಮೇಲಕ್ಕೆ ಯಂತ್ರವನ್ನು ಹಗ್ಗದಿಂದ ಎತ್ತುತ್ತಿದ್ದಾಗ ಹಗ್ಗ ಹರಿಯಿತು. ಯಂತ್ರ ಗೋಡೆಗೆ ಬಡಿದು ಗೆರೆಯ ಚಕ್ರ ಸೊಟ್ಟಗಾಯಿತು. ಬೇರೆಯವನಾಗಿದ್ದರೆ ಲಂಡನ್ನಿಗೆ ಕಾಗದ ಬರೆದು ವರ್ಷಗಟ್ಟಲೆ ಕಾಯುತ್ತಿದ್ದ. ಲ್ಯಾಂಬ್ಟನ್ ಅದನ್ನು ತಿರುಚಿರಾಪಳ್ಳಿಗೆ ಒಯ್ದು, ಡೇರೆಯೊಳಗೆ ಸೇರಿಕೊಂಡು, ಆರು ವಾರ ಕೂತು, ಬೆಣೆ, ತಿರುಪು, ರಾಟೆ ಹಚ್ಚಿ ಕೂದಲೆಳೆಯಷ್ಟೇ ಎಳೆಯುತ್ತ ಚಕ್ರವನ್ನು ಮೊದಲಿನ ದುಂಡಗಿಗೆ ತಂದ. ಅವನ ಪದವಿ, ಪುರಸ್ಕಾರ ಎಲ್ಲಕ್ಕಿಂತ ಈ ಆರು ವಾರಗಳ ಕಾರಣಕ್ಕೆ ನನಗೆ ಆ ಮನುಷ್ಯನ ಮೇಲೆ ಗೌರವ. ಉಸ್ತಾದರಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗೆರಿ ಕೆಟ್ಟಿರಲಿಲ್ಲೇನು?" ಕೆಟ್ಟಿದ್ದವು ನಿಜ. ಒಂದೇ ಕೋನವನ್ನು ಚಕ್ರದ ಬೇರೆ ಬೇರೆ ಭಾಗದಲ್ಲಿ ಓದಿ ಸರಾಸರಿ ತೆಗೆದರೆ ಅಂಥ ದೋಷ ಬಹುಮಟ್ಟಿಗೆ ಹೋಗುತ್ತದೆ.

ಆ ಯಂತ್ರ ನಮ್ಮ ಕಡೆಗೂ ಬಂತು. ಗುತ್ತಿಯ ಹತ್ತಿರದ ನಾಮಥಾಬಾದಿನಿಂದ ಬೀದರಿನ ಕಡೆಯ ದಾಮರಗಿದ್ದದವರೆಗೆ ಲ್ಯಾಂಬ್ಟನ್ ತನ್ನ ತ್ರಿಕೋನಗಳ ಸಾಲನ್ನು ನಡೆಸಿದ. 1815ರಲ್ಲಿ ಆ ದಾಮರಗಿದ್ದದಲ್ಲಿ ಸರಪಳಿ ಹಾಕಿ ತಾಳೆ ನೋಡಿದ. ನಾರಾಯಣಪೇಟೆಯವರು ದಾಮರಗಿದ್ದ ಎಂದ ಕೂಡಲೇ ನಮ್ಮ ಮಂಡಲದ ಊರೆಂದುಕೊಳ್ಳಬಾರದು. ಇದು 18 ಡಿಗ್ರಿ ಅಕ್ಷಾಂಶದಲ್ಲಿರುವ ಬೇರೆ ಊರು. ಆದರೆ ನಕಾಶೆಯ ಮೇಲೆ ಆ ಎರಡು ಊರುಗಳ ನಡುವೆ ಅಳತೆಕೋಲು ಇಟ್ಟು ಗೆರೆ ಎಳೆಯಿರಿ. ಅದು ತುಂಗಭದ್ರೆಯನ್ನು ದಾಟಿ, ಕೃಷ್ಣೆಯನ್ನು ದಾಟಿ, ಗದ್ವಾಲಕ್ಕೂ ಮಕ್ತಲಕ್ಕೂ ನಡುವೆ ಹಾಯುತ್ತದೆ. ಹಿಂದೂಸ್ಥಾನದ ಬೆನ್ನೆಲುಬಿನಂತೆ ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ ಹೋದ ಮಹಾರೇಖೆಯ ಒಂದು ತುಂಡು ನಮ್ಮ ಹೊಲಗಳ ಮೇಲಿದೆ. ಲ್ಯಾಂಬ್ಟನ್ 1823ರ ಜನವರಿಯಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ. ಕೆಲಸ ಮುಂದುವರಿಸಿದವನು ಜಾರ್ಜ್ ಎವರೆಸ್ಟ್. ಎವರೆಸ್ಟನ ಉಪಕರಣಗಳನ್ನು ರಿಪೇರಿ ಮಾಡಿ ನಿಲ್ಲಿಸಿದವರಲ್ಲಿ ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಮುಖ್ಯರು. ಮದರಾಸಿನಲ್ಲಿ ಆಭರಣದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು, ಮುಂದೆ ಸರ್ವೇ ಇಲಾಖೆಯ ಉಪಕರಣ ತಯಾರಕರ ಜಾಗಕ್ಕೇ ಬಂದರು. ಚಿನ್ನದ ಕೆಲಸದ ಕೈ ಹಿತ್ತಾಳೆಯ ಗೆರೆಗೂ ಒಗ್ಗಿತು.

ಇನ್ನು ಗೆರೆ ಸಣ್ಣದಾದ ಕಥೆ. ಹಿಂದೆ ಚಕ್ರಗಳಿಗೆ ಗೆರೆಯನ್ನು ಕೈಯಿಂದಲೇ ಕೊರೆಯುತ್ತಿದ್ದರು. ಕೈವಾರ ಹಿಡಿದು ಅರ್ಧ, ಅರ್ಧದ ಅರ್ಧ ಎಂದು ಹಂಚುತ್ತ ಹೋಗುವ ಕೆಲಸ. ಕೈ ಒಂದಿಷ್ಟು ಹೆಚ್ಚುಕಡಿಮೆಯಾದರೂ ಚಕ್ರ ದೊಡ್ಡದಿದ್ದರೆ ನಡೆಯುತ್ತಿತ್ತು, ಸಣ್ಣದಿದ್ದರೆ ಕೆಡುತ್ತಿತ್ತು. ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ ಎಂಬಾತ 1770ರ ದಶಕದಲ್ಲಿ ಗೆರೆ ಹಾಕುವುದಕ್ಕೇ ಒಂದು ಯಂತ್ರ ಮಾಡಿದ. 45 ಇಂಚಿನ ಚಕ್ರ, ಅದರ ಅಂಚಿಗೆ 2160 ಹಲ್ಲು, ಹಲ್ಲಿಗೆ ಕೂತ ಒಂದು ತಿರುಪು. ತಿರುಪು 6 ಸುತ್ತು ತಿರುಗಿದರೆ ಚಕ್ರ ಸರಿಯಾಗಿ ಒಂದು ಡಿಗ್ರಿ ಜರುಗುತ್ತದೆ. ಕಾಲಲ್ಲಿ ತುಳಿಯುತ್ತ ಹೋದರೆ ಗೆರೆ ಬೀಳುತ್ತ ಹೋಗುತ್ತದೆ. ಇದರ ಗುಟ್ಟನ್ನು ಬಹಿರಂಗ ಮಾಡಿದ್ದಕ್ಕೂ ಯಂತ್ರಕ್ಕೂ ಸೇರಿ ಅಲ್ಲಿನ ಸರ್ಕಾರದ ಮಂಡಳಿ 615 ಪೌಂಡು ಕೊಟ್ಟಿತು. ವಿವರಣೆ 1777ರಲ್ಲಿ ಅಚ್ಚಾಯಿತು. ಆ ಯಂತ್ರ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಅಲ್ಲಿಂದ ಮುಂದೆ ಹಡಗಿನವರು ಅಂಗೈಯಗಲದ ಉಪಕರಣದಲ್ಲೂ ನಂಬುವಂಥ ಗೆರೆ ಕಾಣತೊಡಗಿದರು. ಯಂತ್ರಕ್ಕೆ ಸಣ್ಣ ಗೆರೆ ಹಾಕುವುದು ಸುಲಭವಾಯಿತು. ಆದರೆ ಓದುವ ಕಣ್ಣು ಮಾತ್ರ ಹಳೆಯದೇ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಉಸ್ತಾದರ ತೊಂದರೆ ಹುಟ್ಟಿದ್ದು ಆ ದಿನವೇ.

ಲೇತಿನ ಕಡೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದವನು ಹೆನ್ರಿ ಮಾಡ್ಸ್ಲೆ. 1800ರ ಆಸುಪಾಸಿನಲ್ಲಿ ಅವನು ನಿಖರವಾದ ತಿರುಪು ಕತ್ತರಿಸುವ ಲೇತನ್ನು ಮಾಡಿದ. 1805ರ ಸುಮಾರಿಗೆ ಬೆಂಚಿನ ಮೇಲೆ ಇಡುವ ಒಂದು ಅಳತೆಯ ಯಂತ್ರ ಮಾಡಿ ಅದಕ್ಕೆ ಲಾರ್ಡ್ ಚಾನ್ಸಲರ್, ಅಂದರೆ ದೊಡ್ಡ ನ್ಯಾಯಾಧೀಶ, ಎಂದು ಹೆಸರಿಟ್ಟ. ಅಂಗಡಿಯಲ್ಲಿ ಅಳತೆಯ ತಕರಾರು ಬಂದರೆ ಅದರದೇ ತೀರ್ಪು. ತಿರುಪಿಗೆ ಇಂಚಿಗೆ 100 ಸುತ್ತು, ಚಕ್ರಕ್ಕೆ 100 ಗೆರೆ. ಒಂದು ಗೆರೆಗೆ ಇಂಚಿನ ಹತ್ತು ಸಾವಿರದ ಒಂದು ಭಾಗ. ಅವನ ಅಂಗಡಿಯಲ್ಲಿ ಕಲಿತ ಜೋಸೆಫ್ ವಿಟ್‌ವರ್ತ್ ಇನ್ನೂ ಮುಂದೆ ಹೋದ. ಇಂಚಿಗೆ 20 ಸುತ್ತಿನ ತಿರುಪು, ಅದನ್ನು ತಿರುಗಿಸಲು 200 ಹಲ್ಲಿನ ಚಕ್ರ, ಆ ಚಕ್ರವನ್ನು ತಿರುಗಿಸುವ ಇನ್ನೊಂದು ಹಿಡಿಕೆಯ ಮೇಲೆ 250 ಗೆರೆ. ಮೂರನ್ನೂ ಗುಣಿಸಿ ನೋಡಿ, ಹತ್ತು ಲಕ್ಷ ಬರುತ್ತದೆ. ಒಂದು ಗೆರೆಗೆ ಇಂಚಿನ ಹತ್ತು ಲಕ್ಷದ ಒಂದು ಭಾಗ. ಆ 250 ಗೆರೆಗಳನ್ನು ಅವನು ದೊಡ್ಡ ಚಕ್ರದ ಮೇಲೇ ಹಾಕಿದ.

ನಮ್ಮ ದೇಶದ ಮಾತಿಗೆ ಬಂದರೆ, ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದೇ ನೀರು ಆಲಂಪುರದ ಹತ್ತಿರ ನಮ್ಮ ಕೃಷ್ಣೆಗೆ ಕೂಡುತ್ತದೆ. ಹರಿಹರದ ಲೇತುಗಳು ಅದೆಷ್ಟೋ ಊರುಗಳ ಅಂಗಡಿಗಳಲ್ಲಿ ಇಂದಿಗೂ ತಿರುಗುತ್ತಿವೆ. ಕಾರ್ಖಾನೆ ಮಾತ್ರ ಮುಚ್ಚಿಹೋಗಿದೆ. ಬೆಂಗಳೂರಿನ ಎಚ್.ಎಂ.ಟಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆಗೂಡಿ ಹುಟ್ಟಿತು. ಅಲ್ಲಿಯ ಮೊದಲ ಲೇತಿನ ಮಾದರಿಗೆ ಎಚ್ 22 ಎಂದು ಹೆಸರು. ಇದೇ ಕಂಪನಿ ಮುಂದೆ ಕೈಗಡಿಯಾರ ಮಾಡಿ ಮನೆಮಾತಾಯಿತು. ಕಣ್ಣಿಲ್ಲದವರು ಬೆರಳಿಂದ ಮುಟ್ಟಿ ಹೊತ್ತು ತಿಳಿಯುವಂತೆ ಗಾಜು ತೆರೆಯುವ, ಉಬ್ಬು ಚುಕ್ಕೆಗಳ ಬ್ರೈಲ್ ಗಡಿಯಾರವನ್ನೂ ಅವರು ಮಾಡಿದ್ದರು. ಕಾಣದವರ ಬಗ್ಗೆ ಅಷ್ಟು ಯೋಚಿಸುವುದು ಸಾಧ್ಯವಿದ್ದಾಗ, ಅರ್ಧ ಕಾಣುವವರಿಗೆ ಲೇತಿನ ಡಯಲನ್ನು ಎರಡಿಂಚು ದೊಡ್ಡದು ಮಾಡಲು ಯಾವ ಕಾರ್ಖಾನೆಗೂ ಏನು ಕಷ್ಟವಿತ್ತೋ!

1956ನೇ ಇಸವಿ ನಮ್ಮ ಗಡಿಯ ಊರುಗಳಿಗೆ ಎರಡು ರೀತಿಯಲ್ಲಿ ಮುಖ್ಯ. ಆ ವರ್ಷ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ಸೀಮೆ ಹರಿಹಂಚಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು. ಅದರೊಳಗೇ ಇದ್ದ ಗದ್ವಾಲ, ಆಲಂಪುರ ತಾಲೂಕುಗಳು ಮಾತ್ರ ಆಂಧ್ರಕ್ಕೆ ಉಳಿದವು. ಅದೇ ವರ್ಷ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂತು. 1957ರ ಏಪ್ರಿಲ್ 1ರಿಂದ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. 1958ರ ಅಕ್ಟೋಬರಿನಿಂದ ಸೇರು, ಮಣ, ಗಜ, ಇಂಚುಗಳ ಬದಲಿಗೆ ಕಿಲೋ, ಮೀಟರು ಹಂತ ಹಂತವಾಗಿ ಬಂದವು. ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ನಡೆದುಹೋಗಿತ್ತು. ಆದರೆ ಮನೆಯಲ್ಲಿ ಹಿರಿಯರು ಹಾಲಿ ಸಿಕ್ಕಾದ ಮಾತಾಡುತ್ತಿದ್ದರು. ನಿಜಾಮರ 7 ರೂಪಾಯಿಗೆ ಕಲ್ದಾರ್ 6 ರೂಪಾಯಿ. ಬಾಯಲ್ಲೇ ಆ ಲೆಕ್ಕ ಮಾಡಿ ಸಂತೆ ಮುಗಿಸಿ ಬರುತ್ತಿದ್ದರಂತೆ. ಎರಡು ಭಾಷೆ, ಎರಡು ನಾಣ್ಯ, ಎರಡು ಅಳತೆ ನಮ್ಮ ಜನಕ್ಕೆ ಹೊಸದಲ್ಲ.

ಕಾಯಿದೆ ಬದಲಾಯಿತು, ತಿರುಪು ಬದಲಾಗಲಿಲ್ಲ. ಇಂಚಿನ ತಿರುಪಿನ ಲೇತುಗಳು ಹಾಗೇ ಉಳಿದವು. ಬೇರಿಂಗು ಮಿಲಿಮೀಟರಿನಲ್ಲಿ ಬರುತ್ತದೆ, ಡಯಲು ಥೌನಲ್ಲಿ ಓದಿಸುತ್ತದೆ. ಉಸ್ತಾದರ ಗೋಡೆಯ ಸೀಮೆಸುಣ್ಣದ ಲೆಕ್ಕ ಅದೇ.

ಇದಕ್ಕೆ ಗಣಿತದಲ್ಲಿ ಒಂದು ಸುಂದರವಾದ ಬಿಡುಗಡೆ ಇದೆ. ಒಂದು ಇಂಚು ಎಂದರೆ ಸರಿಯಾಗಿ 25.4 ಮಿಲಿಮೀಟರ್ ಎಂದು 1959ರಲ್ಲಿ ಇಂಗ್ಲಿಷ್ ದೇಶಗಳೆಲ್ಲ ಒಪ್ಪಿಕೊಂಡವು. ಐದು ಇಂಚಿಗೆ 127 ಮಿಲಿಮೀಟರ್, ಚೂರೂ ಹೆಚ್ಚಿಲ್ಲ ಕಡಿಮೆಯಿಲ್ಲ. ಇಂಚಿಗೆ 10 ಸುತ್ತಿನ ತಿರುಪು ಒಂದು ಸುತ್ತಿಗೆ 2.54 ಮಿಲಿಮೀಟರ್ ಜರುಗುತ್ತದೆ. ಆ ಸುತ್ತನ್ನು 100 ಪಾಲು ಮಾಡುವ ಬದಲು 127 ಪಾಲು ಮಾಡಿದರೆ? ಒಂದು ಗೆರೆಗೆ 0.02 ಮಿಲಿಮೀಟರ್, ಸರಿಯಾಗಿ. ಹತಾರ ಒಂದು ಕಡೆಯಿಂದ ಅಷ್ಟು ಒಳಗೆ ಹೋದರೆ ಸರಳಿನ ಅಡ್ಡಗಲ ಅದರ ಎರಡರಷ್ಟು, ಅಂದರೆ 0.04 ಕಡಿಮೆಯಾಗುತ್ತದೆ. ಆಗ 25 ಗೆರೆಗೆ ಅಡ್ಡಗಲದಲ್ಲಿ ಪೂರ್ತಿ ಒಂದು ಮಿಲಿಮೀಟರ್. ತಿರುಪನ್ನು ಮುಟ್ಟಬೇಕಾಗಿಲ್ಲ, ಬಳೆ ಬದಲಿಸಿದರೆ ಸಾಕು.

127 ಎಂಬುದು ಹಂಚಲು ಬಾರದ ಸಂಖ್ಯೆ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಯಾವುದರಿಂದಲೂ ಭಾಗವಾಗದು. ಕೈವಾರದಿಂದ ಅರ್ಧ ಅರ್ಧ ಮಾಡುತ್ತ ಅಲ್ಲಿಗೆ ಮುಟ್ಟಲಾಗುವುದಿಲ್ಲ. ಆದರೆ ಇಂಚಿನ ಲೇತಿನಲ್ಲಿ ಮಿಲಿಮೀಟರಿನ ಮರೆ ಕತ್ತರಿಸಲು ಇದೇ ಕಾರಣಕ್ಕೆ 127 ಹಲ್ಲಿನ ಒಂದು ಗೇರು ಕೊಡುವ ವಾಡಿಕೆ ಇದೆ. ಉಸ್ತಾದರ ಅಂಗಡಿಯಲ್ಲೂ ಅದು ಮೂಲೆಯ ಡಬ್ಬಿಯಲ್ಲಿ ಗ್ರೀಸು ಮೆತ್ತಿಕೊಂಡು ಬಿದ್ದಿತ್ತು.

ಕೆಲಸ ನಡೆದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಕಾದವರು ಮಾಡಿಕೊಳ್ಳಬಹುದು. ದಪ್ಪನೆಯ ಅಲ್ಯೂಮಿನಿಯಂ ಕೊಳವೆಯ ತುಂಡನ್ನು ಹೊರಗಿನಿಂದ 75 ಮಿಲಿಮೀಟರಿಗೆ ದುಂಡಗೆ ತಿರುವಿದರು. ಸುತ್ತಳತೆ 235 ಮಿಲಿಮೀಟರಿಗೆ ಸ್ವಲ್ಪ ಮೇಲೆ. ಅದರಲ್ಲಿ 127 ಗೆರೆ ಹಾಕಿದರೆ ನಡುವಿನ ಜಾಗ 1.85 ಮಿಲಿಮೀಟರ್. ಅದೇ 127 ಗೆರೆಯನ್ನು ಹಳೆಯ 30ರ ಬಳೆಯ ಮೇಲೆ ಹಾಕಿದ್ದರೆ ಮುಕ್ಕಾಲು ಮಿಲಿಮೀಟರೂ ಸಿಗುತ್ತಿರಲಿಲ್ಲ. ಆದ್ದರಿಂದ ಮಿಲಿಮೀಟರ್ ಬೇಕೆಂದರೆ ದೊಡ್ಡ ಬಳೆಯೂ ಬೇಕೇ ಆಯಿತು.

127ರ ಗೇರನ್ನು ಲೇತಿನ ಸ್ಪಿಂಡಲಿನ ಹಿಂಬದಿಗೆ ಒಂದು ಬೋಲ್ಟಿನಿಂದ ಬಿಗಿದರು. ಅದರ ಹಲ್ಲಿನ ಸಂದಿಗೆ ಕೂರುವಂತೆ ಉಕ್ಕಿನ ಪಟ್ಟಿಯೊಂದನ್ನು ಚೂಪು ಮಾಡಿ ಸ್ಪ್ರಿಂಗು ಹಚ್ಚಿದರು. ಮೋಟಾರಿನ ವಯರು ಕಿತ್ತಿಟ್ಟರು, ಇದು ಮುಖ್ಯ. ಚೂಪು ಹತಾರವನ್ನು ಅಡ್ಡಲಾಗಿ ಮಲಗಿಸಿ ಕಟ್ಟಿದರೆ, ಸ್ಯಾಡಲನ್ನು ಕೈಯಿಂದ ಸರಿಸಿದಾಗ ಬಳೆಯ ಮೇಲೆ ನೇರ ಗೆರೆ ಬೀಳುತ್ತದೆ. ಒಂದು ಗೆರೆ, ಒಂದು ಹಲ್ಲು ಜರುಗಿಸು, ಮತ್ತೊಂದು ಗೆರೆ. ಸಣ್ಣ ಗೆರೆ 5 ಮಿಲಿಮೀಟರ್, ಐದನೆಯದು 8, ಇಪ್ಪತ್ತೈದನೆಯದು 11. ಸ್ಯಾಡಲಿನ ಮುಂದೆ ತಡೆಯೊಂದನ್ನು ಬಿಗಿದು, ನಡುವೆ 3 ಮಿಲಿಮೀಟರಿನ ಎರಡು ಪಟ್ಟಿ ಇಟ್ಟರೆ ಸಣ್ಣ ಗೆರೆ, ಒಂದು ಇಟ್ಟರೆ ನಡುವಿನದು, ಎರಡೂ ತೆಗೆದರೆ ಉದ್ದನೆಯದು. ನನಗೆ ಸಿಕ್ಕ ಕೆಲಸ ಎಣಿಸುವುದು. ಎಣಿಕೆ ತಪ್ಪಬಾರದೆಂದು ಮೊದಲೇ ಗೇರಿನ ಐದೈದನೆಯ ಹಲ್ಲಿಗೆ ಬಿಳಿ ಬಣ್ಣ, ಇಪ್ಪತ್ತೈದನೆಯದಕ್ಕೆ ಕೆಂಪು ಬಣ್ಣ ಹಚ್ಚಿಟ್ಟಿದ್ದೆ. ಹುಡುಗ ಪಟ್ಟಿ ಇಡುವುದು, ಉಸ್ತಾದರು ಎಳೆಯುವುದು. ಕಣ್ಣಿನ ಅಗತ್ಯವೇ ಬೀಳಲಿಲ್ಲ. ಹಲ್ಲು ಟಕ್ಕೆಂದು ಕೂತ ಸದ್ದು ಕೇಳಿದರೆ ಆಯಿತು.

ಐದು ಇಪ್ಪತ್ತೈದು 125. ಕೊನೆಗೆ ಎರಡು ಗೆರೆ ಉಳಿಯುತ್ತವೆ. ಪೂರ್ತಿ ಒಂದು ಸುತ್ತಿಗೆ ಅಡ್ಡಗಲದಲ್ಲಿ 5 ಮಿಲಿಮೀಟರಿನ ಮೇಲೆ 0.08 ಹೆಚ್ಚು ಎಂದು ಅದರ ಅರ್ಥ. ಆ ಎರಡು ಗೆರೆಗಳ ಜಾಗಕ್ಕೆ ಕೆಂಪು ಬಣ್ಣ ತುಂಬಿದೆವು. ಕೆಂಪು ದಾಟಿದರೆ ಆ ಎರಡನ್ನು ಮರೆಯಬಾರದೆಂದು ಹುಡುಗನಿಗೆ ಎರಡೂ ಭಾಷೆಯಲ್ಲಿ ಹೇಳಿದ್ದಾಯಿತು.

ಅಂಕಿ ಹೊಡೆಯುವಾಗ ಉಸ್ತಾದರು ನನ್ನ ಕೈ ಹಿಡಿದು ನಿಲ್ಲಿಸಿದರು. ಹಿಡಿಕೆಯನ್ನು ಬಲಕ್ಕೆ ತಿರುಗಿಸಿದರೆ ಬಳೆಯ ಮೇಲಂಚು ಬಲಕ್ಕೆ ಹೋಗುತ್ತದೆ. ಗುರುತಿನ ಎದುರಿಗೆ ಬಂದು ನಿಲ್ಲುವುದು ಎಡಗಡೆಯ ಗೆರೆ. ಆದ್ದರಿಂದ ಅಂಕಿಗಳು ಬಲದಿಂದ ಎಡಕ್ಕೆ ಏರಬೇಕು, ನಮ್ಮ ಹಳೆಯ ಪಹಣಿಗಳ ಉರ್ದು ಬರಹದ ಹಾಗೆ. 1ರಿಂದ 5ರವರೆಗೆ ಪಂಚು ಹೊಡೆದು, ಗೆರೆಗಳಿಗೆ ಕಪ್ಪು ಬಣ್ಣ ತುಂಬಿ, ಒಣಗಿದ ಮೇಲೆ ಮೇಲಿನದನ್ನು ಸಣ್ಣ ಎಮರಿ ಕಾಗದ ಮತ್ತು ಸೀಮೆಎಣ್ಣೆಯಿಂದ ತಿಕ್ಕಿ ತೆಗೆದೆವು. ಹೊಳಪು ಬರುವಂತೆ ತಿಕ್ಕಬಾರದು. ಬಾಗಿಲಿನಿಂದ ಬಿಸಿಲು ಬಿದ್ದರೆ ಹೊಳೆಯುವ ಡಯಲು ಕನ್ನಡಿಯಾಗುತ್ತದೆ. ಮಸುಕು ಬಿಳುಪಿನ ಮೇಲೆ ಕಪ್ಪು ಗೆರೆ ಇದ್ದರೆ ಸಂಜೆಗೂ ಕಾಣುತ್ತದೆ.

ಬಳೆಯನ್ನು ಹಳೆಯ ಡಯಲಿನ ಮೇಲೇ ಟೋಪಿಯಂತೆ ಕೂರಿಸಿ ಒಂದು ಸಣ್ಣ ಸ್ಕ್ರೂ ಹಾಕಿದರು. ಸ್ಕ್ರೂ ಸಡಿಲಿಸಿದರೆ ಬಳೆ ತಾನೊಂದೇ ತಿರುಗುತ್ತದೆ, ಎಲ್ಲಿ ಬೇಕೋ ಅಲ್ಲಿ ಸೊನ್ನೆಗೆ ತಂದು ಮತ್ತೆ ಬಿಗಿಯಬಹುದು.

ಇದರಿಂದ ಲೇತು ಹೊಸದಾಯಿತೆಂದು ಯಾರೂ ತಿಳಿಯಬಾರದು. ತಿರುಪು ಸವೆದಿದ್ದರೆ ಸವೆದೇ ಇದೆ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಾಗ ಮೊದಲ ಕೆಲವು ಗೆರೆಗಳವರೆಗೆ ಹತಾರ ಅಲ್ಲಾಡುವುದಿಲ್ಲ, ತಿರುಪಿನ ಸಡಿಲು ಅಷ್ಟಿದೆ. ದೊಡ್ಡ ಡಯಲು ಆ ಸಡಿಲನ್ನೂ ದೊಡ್ಡದಾಗಿ ತೋರಿಸುತ್ತದೆ. ಹಾಗಾಗಿ ಯಾವಾಗಲೂ ಪೂರ್ತಿ ಹಿಂದೆ ತಂದು, ಒಂದೇ ದಿಕ್ಕಿನಿಂದ ಗೆರೆಗೆ ಮುಟ್ಟಬೇಕು. ಪೇಟೆಯಲ್ಲಿ ಈಗ ಅಂಕಿಗಳು ಮಿನುಗುವ ವಿದ್ಯುತ್ ಅಳತೆಪಟ್ಟಿಗಳೂ ಸಿಗುತ್ತವೆ. ಹೊಸ ಲೇತಿಗೆ ಅವು ಒಳ್ಳೆಯವೇ. ಗುಜರಿಯವನು ಬೆಲೆ ಕಟ್ಟಿ ಹೋದ ಲೇತಿಗೆ ಅಷ್ಟು ಹಣ ಸುರಿಯುವವರು ಯಾರು?

ಮೊದಲ ಪರೀಕ್ಷೆಗೆ 32 ಮಿಲಿಮೀಟರಿನ ಸರಳೊಂದನ್ನು ಹಿಡಿದು, ಹಲವು ಸಲ ಸ್ವಲ್ಪ ಸ್ವಲ್ಪವಾಗಿ 50 ಗೆರೆ ಇಳಿಸಿದರು. ಲೆಕ್ಕಕ್ಕೆ 30 ಬರಬೇಕು. ಮೈಕ್ರೋಮೀಟರಿನಲ್ಲಿ 30.01 ಬಂತು. ಬೇರಿಂಗನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಬಿಗಿಯಾಗಿ ಕೂತಿತು. ಉಸ್ತಾದರು ಚಾಳೀಸು ತೆಗೆದು ಜೇಬಿಗೆ ಹಾಕಿಕೊಂಡರು. "ನೋಡು ತಮ್ಮಾ, ಎರಡರ ಮ್ಯಾಲ ನಿಲ್ಸಿದ್ದೆ," ಎಂದು ಹುಡುಗನಿಗೆ ಹೇಳಿದರು. ಹುಡುಗ ದೂರದಿಂದಲೇ "ರೆಂಡು" ಎಂದು ಓದಿದ.

ಮುಂದಿನ ತಿಂಗಳು ಗುಜರಿಯವನು ಬಂದಾಗ ಅವನದೇ ತಳ್ಳುಗಾಡಿಯ ಅಚ್ಚು ಅದೇ ಲೇತಿನ ಮೇಲಿತ್ತು.

ಈಗ ಉಳಿದಿರುವುದು ಮೇಲಿನ ಸಣ್ಣ ಸ್ಲೈಡಿನ ಡಯಲು. ಅದರ ತಿರುಪೂ ಇಂಚಿಗೆ 10 ಸುತ್ತಿನದೇ ಆದ್ದರಿಂದ 127ರ ಗೇರೇ ಸಾಕು. ಆದರೆ ಅಲ್ಲಿ ಜಾಗ ಕಡಿಮೆ, 60 ಮಿಲಿಮೀಟರಿಗಿಂತ ದೊಡ್ಡ ಬಳೆ ಹಿಡಿಯುವುದಿಲ್ಲ. ಗೆರೆಗಳ ನಡುವೆ ಒಂದೂವರೆ ಮಿಲಿಮೀಟರಿಗೆ ಚೂರು ಕಡಿಮೆ ಬರುತ್ತದೆ. ಮುಂಗಾರಿನ ಪಂಪಿನ ಕೆಲಸಗಳು ತಗ್ಗಿದ ಮೇಲೆ ಅದನ್ನು ಮಾಡೋಣ ಎಂದಿದ್ದಾರೆ. ಗೇರಿನ ಹಲ್ಲಿನ ಮೇಲಿನ ಬಿಳಿ, ಕೆಂಪು ಬಣ್ಣವನ್ನು ಒರೆಸದೆ ಹಾಗೇ ಬಿಟ್ಟಿದ್ದೇವೆ.